ಕೊಡಗಿನಿಂದ ಸಿವಿಲ್ ಇಂಜಿನಿಯರಿಂಗ್: ಪಿಯುಸಿಯಿಂದ ಮೊದಲ ಸೈಟಿನವರೆಗೆ ದಾರಿ ಹೇಗೆ ಹಾಕಿಕೊಳ್ಳೋದು

ಕೊಡಗಿನ ಹುಡುಗ ಹುಡುಗಿಯರು ಸಿವಿಲ್ ಓದುವುದಾದರೆ ಓದುವ ಮೇಜಿನ ಎದುರು ಎರಡು ಕ್ಯಾಲೆಂಡರ್ ತೂಗುಹಾಕಿಕೊಳ್ಳಬೇಕು. ಒಂದು ಕಾಲೇಜಿನದು, ಇನ್ನೊಂದು ಮಳೆಯದು. ಕಾಲೇಜಿನ ಕ್ಯಾಲೆಂಡರ್ ಪರೀಕ್ಷೆ ಯಾವಾಗ ಅಂತ ಹೇಳುತ್ತದೆ. ಮಳೆಯ ಕ್ಯಾಲೆಂಡರ್ ಕೆಲಸ ಯಾವಾಗ ನಡೆಯುತ್ತೆ, ಯಾವಾಗ ನಿಲ್ಲುತ್ತೆ, ಕಟ್ಟಿದ್ದು ಯಾವಾಗ ಪರೀಕ್ಷೆಗೆ ಕೂರುತ್ತೆ ಅಂತ ಹೇಳುತ್ತದೆ.

ನಮ್ಮಲ್ಲಿ ಜೂನ್‌ನಲ್ಲಿ ಮಳೆ ಹಿಡಿದರೆ ಮಣ್ಣಿನ ಕೆಲಸ ನಿಂತಿತು ಅಂತಲೇ ಲೆಕ್ಕ. ಸೆಪ್ಟೆಂಬರ್ ಕಳೆದು ನೆಲ ಒಣಗಿದ ಮೇಲೆ ಮತ್ತೆ ಶುರು. ಡಿಸೆಂಬರ್ ಬಂತು ಅಂದರೆ ಕಾಫಿ ಕೊಯ್ಲು, ಆಳುಗಳೆಲ್ಲ ತೋಟಕ್ಕೆ. ಮಾರ್ಚ್, ಏಪ್ರಿಲ್‌ನಲ್ಲಿ ಕಾಫಿ ಹೂ ಬಿಡಿಸುವ ಹೂಮಳೆ. ಉಳಿದ ದಿನಗಳಲ್ಲಿ ಮನೆ, ರಸ್ತೆ, ಮೋರಿ, ತಡೆಗೋಡೆ ಎಲ್ಲ ಮುಗಿಯಬೇಕು. ಬೇರೆ ಜಿಲ್ಲೆಯ ವಿದ್ಯಾರ್ಥಿಗಳು ಪುಸ್ತಕದಲ್ಲಿ ಓದುವ ಕೆಲಸದ ಯೋಜನೆ ನಮಗೆ ಅಂಗಳದಲ್ಲೇ ಕಾಣಸಿಗುತ್ತದೆ.

ನಾನು ಮಾದಾಪುರದ ಕಡೆಯವನು. ಸಿವಿಲ್ ಓದಿ, ಹೊರಗೆ ಕೆಲಸ ಮಾಡಿ, ಈಗ ಊರಿನಲ್ಲೇ ಇದ್ದೇನೆ. ಪ್ರತಿ ವರ್ಷ ಸಿಇಟಿ ಮುಗಿದ ಮೇಲೆ ಯಾರಾದರೂ ಪೋಷಕರು ಫೋನ್ ಮಾಡಿ ‘ಸಿವಿಲ್ ತಗೊಂಡ್ರೆ ಮಗನಿಗೆ ಕೆಲಸ ಸಿಗುತ್ತಾ’ ಅಂತ ಕೇಳುತ್ತಾರೆ. ಸಿಗುತ್ತದೆ. ಆದರೆ ನಾಲ್ಕು ವರ್ಷ ಕ್ಲಾಸಿನಲ್ಲೇ ಕಳೆದು ಬಂದವರಿಗೆ ಕಷ್ಟ. ಒದ್ದೆ ಕಾಂಕ್ರೀಟಿನ ಪಕ್ಕ, ಒದ್ದೆ ಮಣ್ಣಿನ ಪಕ್ಕ ಎಷ್ಟು ದಿನ ನಿಂತಿದ್ದೀರಿ ಅನ್ನೋದು ಈ ಓದಿನಲ್ಲಿ ತುಂಬಾ ಮುಖ್ಯ. ಅಷ್ಟು ದಿನಗಳನ್ನು ಮೊದಲೇ ಲೆಕ್ಕ ಹಾಕಿ ಹೇಗೆ ಜೋಡಿಸಿಕೊಳ್ಳಬಹುದು ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸೀಟಿಗೆ ಮೊದಲು ಒಂದು ಸ್ಲ್ಯಾಬ್ ನೋಡಿ

ದ್ವಿತೀಯ ಪಿಯುಸಿ ಪರೀಕ್ಷೆ, ಸಿಇಟಿ ಎರಡೂ ಮುಗಿದು ಸೀಟು ಸಿಗುವವರೆಗೆ ಕೆಲವು ವಾರ ಸುಮ್ನೆ ಹೋಗುತ್ತವೆ. ಅದು ನಮ್ಮಲ್ಲಿ ಕೆಲಸದ ಕಾಲ. ಊರಲ್ಲಿ ಎಲ್ಲಾದರೂ ಮನೆ ಕಟ್ಟುತ್ತಿರುತ್ತಾರೆ. ಮಾಲೀಕರನ್ನೂ ಮೇಸ್ತ್ರಿಯನ್ನೂ ಕೇಳಿಕೊಂಡು ಒಂದು ವಾರ ಅಲ್ಲಿ ಹೋಗಿ ನಿಲ್ಲಿ. ಸಂಬಳ ಕೇಳಬೇಡಿ. ಗಟ್ಟಿ ಬೂಟು ಹಾಕಿಕೊಳ್ಳಿ, ಒಂದು ಹೆಲ್ಮೆಟ್ ಹೊಂದಿಸಿಕೊಳ್ಳಿ, ಕೈಗೆ ಒಂದು ಅಳತೆ ಟೇಪು ಇರಲಿ.

ಸ್ಲ್ಯಾಬ್ ಹಾಕುವ ದಿನ ಮಾತ್ರ ತಪ್ಪಿಸಬೇಡಿ. ಬೆಳಗ್ಗೆ ಮಿಕ್ಸರ್ ಶುರುವಾಗುವ ಮೊದಲೇ ಹೋಗಿ. ಕಂಬಿ ಕಟ್ಟಿದ್ದನ್ನು ನೋಡಿ. ಕಂಬಿಯ ಕೆಳಗೆ ಸಣ್ಣ ಸಣ್ಣ ಸಿಮೆಂಟ್ ಬಿಲ್ಲೆ ಇಟ್ಟಿರುತ್ತಾರೆ, ಅದಕ್ಕೆ ಕವರ್ ಬ್ಲಾಕ್ ಅನ್ನುತ್ತಾರೆ. ಸ್ಲ್ಯಾಬಿಗೆ ಸಾಮಾನ್ಯವಾಗಿ 20 ಮಿಲಿಮೀಟರ್. ಅದನ್ನು ಇಡದಿದ್ದರೆ ಕಂಬಿ ಹಲಗೆಗೆ ತಾಗಿಕೊಂಡೇ ಕಾಂಕ್ರೀಟ್ ಗಟ್ಟಿಯಾಗುತ್ತದೆ. ನಮ್ಮ ಮಳೆಗೆ ನಾಲ್ಕೈದು ವರ್ಷದಲ್ಲಿ ತಳದಲ್ಲಿ ತುಕ್ಕಿನ ಕಲೆ ಕಾಣಿಸಬಹುದು.

ಆಮೇಲೆ ಮಿಕ್ಸರ್ ಹತ್ತಿರ ನಿಂತು ನೀರು ಎಣಿಸಿ. ಒಂದು ಮೂಟೆ ಸಿಮೆಂಟ್ ಅಂದರೆ 50 ಕೆಜಿ. ನೀರು ಸಿಮೆಂಟಿನ ಅರ್ಧದಷ್ಟು ಅಂತಿಟ್ಟುಕೊಂಡರೆ 25 ಲೀಟರ್. ಮಧ್ಯಾಹ್ನದ ಹೊತ್ತಿಗೆ ಎಲ್ಲರಿಗೂ ಸುಸ್ತಾಗಿರುತ್ತದೆ. ಕಾಂಕ್ರೀಟ್ ಸುಲಭವಾಗಿ ಹರಿಯಲಿ ಅಂತ ಯಾರೋ ಇನ್ನೊಂದು ಬಕೆಟ್ ಸುರಿಯುತ್ತಾರೆ. ಹತ್ತು ಲೀಟರ್ ಜಾಸ್ತಿ ಆಯಿತು ಅಂದರೆ ಅನುಪಾತ 0.5 ಇದ್ದದ್ದು 0.7 ಆಯಿತು. ನೋಡುವುದಕ್ಕೆ ಅದೇ ಕಾಂಕ್ರೀಟ್, ಬಲ ಮಾತ್ರ ಇಳಿದುಹೋಗಿರುತ್ತದೆ. ಇದನ್ನು ಕಣ್ಣಾರೆ ಕಂಡವರು ಮುಂದೆ ಮೂರನೇ ವರ್ಷದಲ್ಲಿ ಐಎಸ್ 456 ಅನ್ನುವ ಕಾಂಕ್ರೀಟ್ ಮಾನದಂಡದ ಪುಸ್ತಕದಲ್ಲಿ ನೀರು-ಸಿಮೆಂಟ್ ಅನುಪಾತದ ಪಟ್ಟಿ ನೋಡಿದಾಗ ಬಾಯಿಪಾಠ ಮಾಡಬೇಕಾಗಿಲ್ಲ.

ಒಂದು ವಾರ ಬಿಸಿಲಲ್ಲಿ ನಿಂತ ಮೇಲೂ ಮರುದಿನ ಹೋಗೋಣ ಅನ್ನಿಸಿದರೆ ಸಿವಿಲ್ ನಿಮಗೆ ಆಗಿಬರುತ್ತದೆ. ಬೇಡ ಅನ್ನಿಸಿದರೂ ನಷ್ಟವಿಲ್ಲ, ನಾಲ್ಕು ವರ್ಷ ಉಳಿಯಿತು.

ಪಿಯುಸಿಯಾ, ಡಿಪ್ಲೊಮಾನಾ?

ಎಸ್ಸೆಸ್ಸೆಲ್ಸಿ ಮುಗಿಸಿದವರ ಎದುರು ಎರಡು ದಾರಿ ಇವೆ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿ ಸಿಇಟಿ ಬರೆದು ನಾಲ್ಕು ವರ್ಷದ ಬಿ.ಇ. ಸೇರುವುದು ಒಂದು. ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷದ ಸಿವಿಲ್ ಡಿಪ್ಲೊಮಾ ಮಾಡಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರವಾಗಿ ಎರಡನೇ ವರ್ಷದ ಬಿ.ಇ.ಗೆ ಸೇರುವುದು ಇನ್ನೊಂದು.

ಮನೆಯಲ್ಲಿ ಬೇಗ ದುಡಿಮೆ ಬೇಕು ಅನ್ನುವವರಿಗೆ, ಕೈಕೆಲಸ ಇಷ್ಟ ಇರುವವರಿಗೆ ನಾನು ಡಿಪ್ಲೊಮಾನೇ ಹೇಳುತ್ತೇನೆ. ಸರ್ವೆ, ಡ್ರಾಯಿಂಗ್, ಎಸ್ಟಿಮೇಟ್ ಎಲ್ಲ ಬೇಗ ಕೈಗೆ ಹತ್ತುತ್ತವೆ. ಸರ್ಕಾರಿ ಇಲಾಖೆಗಳ ಕಿರಿಯ ಇಂಜಿನಿಯರ್ ಹುದ್ದೆಗೆ ಡಿಪ್ಲೊಮಾ ಸಾಕು. ಡಿಪ್ಲೊಮಾದವರಿಗೆ ಬಿ.ಇ.ಯಲ್ಲಿ ಗಣಿತ ಸ್ವಲ್ಪ ಕಾಡುತ್ತದೆ, ಅದಕ್ಕೆ ತಯಾರಿರಬೇಕು. ಗಣಿತ ಚೆನ್ನಾಗಿರುವವರು, ಮುಂದೆ ಎಂ.ಟೆಕ್., ಡಿಸೈನ್ ಅಂತ ಯೋಚಿಸುವವರು ಪಿಯುಸಿ ದಾರಿ ಹಿಡಿಯಲಿ. ಯಾವುದೂ ಕೀಳಲ್ಲ. ನನಗೆ ಸೈಟಿನಲ್ಲಿ ಕೆಲಸ ಕಲಿಸಿದ ಹಿರಿಯರು ಡಿಪ್ಲೊಮಾ ಮಾಡಿದವರು.

ಸಿಇಟಿ, ಆಪ್ಷನ್ ಎಂಟ್ರಿ, ಕಾಗದಪತ್ರ

ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುವ ಸಿಇಟಿಯಲ್ಲಿ ಮೂರು ವಿಷಯಕ್ಕೂ ತಲಾ 60 ಅಂಕ, ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಇಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ, ಪಿಯುಸಿಯ ಆ ಮೂರು ವಿಷಯಗಳ ಅಂಕ ಅರ್ಧ. ಹಾಗಾಗಿ ಬೋರ್ಡ್ ಪರೀಕ್ಷೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸುರತ್ಕಲ್‌ನ ಎನ್‌ಐಟಿಕೆ ಬೇಕಿದ್ದರೆ ಜೆಇಇ ಮೇನ್ ಬರೆಯಬೇಕು. ಅಲ್ಲಿ ಅರ್ಧ ಸೀಟು ನಮ್ಮ ರಾಜ್ಯದವರಿಗೇ ಇರುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ಮಕ್ಕಳು ಅರ್ಜಿಯನ್ನೇ ಹಾಕುವುದಿಲ್ಲ.

ಜಿಲ್ಲೆಯೊಳಗೆ ಕುಶಾಲನಗರದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು, ಪೊನ್ನಂಪೇಟೆಯ ಕೂರ್ಗ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಇವೆ. ಬೆಟ್ಟ ಇಳಿದರೆ ಮೈಸೂರು, ಹಾಸನ, ಮಂಡ್ಯ, ಮಂಗಳೂರು. ಮೈಸೂರಿನ ಎನ್‌ಐಇ 1946ರದ್ದು, ಬೆಂಗಳೂರಿನ ಯುವಿಸಿಇ 1917ರದ್ದು. ಹಳೆ ಕಾಲೇಜು ಅಂದರೆ ಹಳೆ ವಿದ್ಯಾರ್ಥಿಗಳು ಎಲ್ಲ ಇಲಾಖೆ, ಎಲ್ಲ ಕಂಪನಿಯಲ್ಲೂ ಇರುತ್ತಾರೆ, ಅದು ಮುಂದೆ ನೆರವಿಗೆ ಬರುತ್ತದೆ. ಯಾವ ಕಾಲೇಜಿನಲ್ಲಿ ಈ ವರ್ಷ ಸಿವಿಲ್ ಎಷ್ಟು ಸೀಟು ಅನ್ನೋದನ್ನು ಕೆಇಎಯ ಸೀಟ್ ಮ್ಯಾಟ್ರಿಕ್ಸ್‌ನಲ್ಲೇ ನೋಡಿ. ಯಾರೋ ಹೇಳಿದ್ದನ್ನು ನಂಬಬೇಡಿ.

ಒಂದು ಗುಟ್ಟು ಹೇಳುತ್ತೇನೆ. ಕಂಪ್ಯೂಟರ್ ಸೈನ್ಸಿಗೆ ಹೋಲಿಸಿದರೆ ಸಿವಿಲ್ ಸೀಟು ತುಂಬಾ ಹಿಂದಿನ ರ‍್ಯಾಂಕಿನವರಿಗೂ ಸಿಗುತ್ತದೆ. ಅಂದರೆ ಬೇರೆ ವಿಭಾಗದಲ್ಲಿ ನಿಮಗೆ ಎಟುಕದ ಕಾಲೇಜು ಸಿವಿಲ್‌ನಲ್ಲಿ ಎಟುಕಬಹುದು. ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ತುಂಬುವ ಆಪ್ಷನ್ ಎಂಟ್ರಿಯಲ್ಲಿ ‘ಇದು ನನಗೆಲ್ಲಿ ಸಿಗುತ್ತೆ’ ಅಂತ ಹೆದರಿ ಒಳ್ಳೆ ಕಾಲೇಜನ್ನು ಕೆಳಗೆ ಹಾಕಬೇಡಿ. ಮೇಲೆ ಹಾಕಿದ್ದಕ್ಕೆ ಯಾರೂ ದಂಡ ಹಾಕುವುದಿಲ್ಲ. ಹೋದ ವರ್ಷದ ಕಟ್ ಆಫ್ ಪಟ್ಟಿ ಪಕ್ಕದಲ್ಲಿಟ್ಟುಕೊಂಡು, ನಿಜವಾದ ಹಂಚಿಕೆಗೆ ಮೊದಲಿನ ಅಣಕು ಹಂಚಿಕೆ ಬಂದಾಗ ಕ್ರಮವನ್ನು ಒಮ್ಮೆ ಸರಿಪಡಿಸಿ.

ಕಾಲೇಜು ನೋಡಲು ಹೋದಾಗ ಕಟ್ಟಡದ ಗ್ಲಾಸು ನೋಡಬೇಡಿ. ಮಣ್ಣು ಪರೀಕ್ಷೆಯ ಲ್ಯಾಬು, ಕಾಂಕ್ರೀಟ್ ಲ್ಯಾಬು ಎಲ್ಲಿದೆ ಅಂತ ಕೇಳಿ. ಕಾಂಕ್ರೀಟಿನ ಬಲ ನೋಡಲು ಅದರ ಕ್ಯೂಬ್ ಒಡೆಯುವ ಯಂತ್ರದ ಮೇಲೆ ಧೂಳು ಕೂತಿದೆಯಾ ನೋಡಿ. ಸೀನಿಯರ್‌ಗಳನ್ನು ‘ಸರ್ವೆ ಕ್ಯಾಂಪ್ ಎಷ್ಟು ದಿನ ಮಾಡಿದಿರಿ, ಟೋಟಲ್ ಸ್ಟೇಷನ್ ನೀವೇ ಕೈಯಲ್ಲಿ ಹಿಡಿದಿರಾ’ ಅಂತ ಕೇಳಿ. ಟೋಟಲ್ ಸ್ಟೇಷನ್ ಅಂದರೆ ದೂರ, ಕೋನ ಎರಡನ್ನೂ ಅಳೆಯುವ ಸರ್ವೆ ಯಂತ್ರ. ಈ ಎರಡು ಪ್ರಶ್ನೆಗೆ ಬರುವ ಉತ್ತರ ಕಾಲೇಜಿನ ಯಾವ ಜಾಹೀರಾತಿನಲ್ಲೂ ಇರುವುದಿಲ್ಲ.

ಕಾಗದಪತ್ರದ ವಿಷಯದಲ್ಲಿ ನಮ್ಮ ಕಡೆಯವರು ಸುಮ್ಮನೆ ಅವಕಾಶ ಕಳೆದುಕೊಳ್ಳುತ್ತಾರೆ. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಗ್ರಾಮೀಣ ಮೀಸಲು, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಬೇರೆ ಮೀಸಲು ಇದೆ. ವ್ಯಾಸಂಗ ಪ್ರಮಾಣಪತ್ರವನ್ನು ಫೆಬ್ರವರಿ, ಮಾರ್ಚ್‌ನಲ್ಲೇ ಶಾಲೆಯಿಂದ ಪಡೆಯಿರಿ. ಜಾತಿ, ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯಾ ನೋಡಿ. ಆಧಾರ್‌ನಲ್ಲಿ, ಅಂಕಪಟ್ಟಿಯಲ್ಲಿ ಹೆಸರು ಒಂದೇ ಥರ ಇರಬೇಕು. ನಮ್ಮಲ್ಲಿ ಮನೆತನದ ಹೆಸರು ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ, ಮತ್ತೊಂದರಲ್ಲಿ ಇಲ್ಲವೇ ಇಲ್ಲ, ಅಲ್ವಾ? ಅದನ್ನು ಪರೀಕ್ಷೆಗೆ ಮೊದಲೇ ಸರಿಮಾಡಿಸಿ. ವಿದ್ಯಾರ್ಥಿವೇತನಕ್ಕೆ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್ ಇದೆ. ತೋಟ ಕಾರ್ಮಿಕರ ಮಕ್ಕಳಿಗೆ ಕಾಫಿ ಮಂಡಳಿಯ ವಿದ್ಯಾರ್ಥಿವೇತನ ಇದೆ. ಅಪ್ಪ ಅಥವಾ ಅಮ್ಮ ಕಟ್ಟಡ ಕಾರ್ಮಿಕರಾಗಿ ನೋಂದಾಯಿಸಿಕೊಂಡಿದ್ದರೆ ಕಾರ್ಮಿಕ ಕಲ್ಯಾಣ ಮಂಡಳಿಯಿಂದಲೂ ಓದಿಗೆ ಸಹಾಯ ಕೇಳಬಹುದು.

ನಾಲ್ಕು ವರ್ಷ ಹೇಗೆ ಹಂಚಿಕೊಳ್ಳೋದು

ಮೊದಲ ವರ್ಷದಲ್ಲಿ ಸಿವಿಲ್ ಕಡಿಮೆ, ಎಲ್ಲ ವಿಭಾಗಕ್ಕೂ ಸೇರಿದ ವಿಷಯಗಳೇ ಜಾಸ್ತಿ. ಗಣಿತ ಬಾಕಿ ಉಳಿಸಿಕೊಳ್ಳಬೇಡಿ, ಅಷ್ಟು ಸಾಕು. ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷ್ ಪಾಠ ಮೊದಲ ಮೂರು ತಿಂಗಳು ತಲೆ ಮೇಲೆ ಹೋಗುತ್ತದೆ. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡು ಪದಗಳನ್ನು ಕನ್ನಡದಲ್ಲೇ ಬರೆದು ಅರ್ಥ ಮಾಡಿಕೊಳ್ಳಿ. ನಾನೂ ಹಾಗೇ ದಾಟಿದೆ. ‘ಶಿಯರ್’ ಅಂದರೆ ಏನು ಅಂತ ನನಗೆ ಅರ್ಥವಾದದ್ದು ಎರಡು ಪುಸ್ತಕ ಒಂದರ ಮೇಲೊಂದು ಇಟ್ಟು ಮೇಲಿನದನ್ನು ಪಕ್ಕಕ್ಕೆ ತಳ್ಳಿ ನೋಡಿದಾಗ.

ಇನ್ನೊಂದು ವಿಷಯ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಕಾಲೇಜುಗಳಲ್ಲಿ ಪದವಿ ಮುಗಿಸಲು, ಕ್ಲಾಸಿನ ಹೊರಗಿನ ಕೆಲಸಕ್ಕೆ ಕೊಡುವ ಆಕ್ಟಿವಿಟಿ ಪಾಯಿಂಟ್ ಬೇಕು. ಮೊದಲ ವರ್ಷದಿಂದ ಸೇರಿದವರಿಗೆ 100, ಡಿಪ್ಲೊಮಾದಿಂದ ಬಂದವರಿಗೆ 75. ಇದನ್ನು ಕೊನೆ ವರ್ಷಕ್ಕೆ ತಳ್ಳಬೇಡಿ. ಊರಿನ ಕೆರೆ, ತೋಡು, ಕುಡಿಯುವ ನೀರಿನ ಸರ್ವೆಯನ್ನೇ ಅದಕ್ಕೆ ಬಳಸಿಕೊಳ್ಳಬಹುದಾ ಅಂತ ಮೇಷ್ಟ್ರನ್ನು ಕೇಳಿ.

ಎರಡನೇ ವರ್ಷದಲ್ಲಿ ಸರ್ವೆ ಬರುತ್ತದೆ. ನನ್ನ ಮಟ್ಟಿಗೆ ಇಡೀ ಪದವಿಯಲ್ಲಿ ಅನ್ನ ಕೊಡುವ ಮೊದಲ ವಿದ್ಯೆ ಇದೇ. ಮಟ್ಟ ನೋಡುವ ಆಟೋ ಲೆವೆಲ್ ಇಟ್ಟು ಓದಿ ಬರೆಯುವುದು, ಟೋಟಲ್ ಸ್ಟೇಷನ್ ಕೂರಿಸುವುದು, ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಕಾಂಟೂರ್ ಗೆರೆ ಎಳೆಯುವುದು, ಈ ಮೂರು ಗುಂಪಿನಲ್ಲಿ ಯಾರೋ ಮಾಡಿದ್ದನ್ನು ನೋಡಿದರೆ ಬರುವುದಿಲ್ಲ. ನೀವೇ ಮಾಡಬೇಕು. ರಜೆಗೆ ಊರಿಗೆ ಬಂದಾಗ ಒಂದು ಪಾರದರ್ಶಕ ಪೈಪಿಗೆ ನೀರು ತುಂಬಿ ನಿಮ್ಮ ಅಂಗಳದಿಂದ ಗದ್ದೆಯವರೆಗೆ ಎಷ್ಟು ಇಳಿಜಾರು ಅಂತ ಅಳೆದು ನೋಡಿ. ಮೇಸ್ತ್ರಿಗಳು ಇವತ್ತಿಗೂ ಹಾಗೇ ಮಟ್ಟ ನೋಡುತ್ತಾರೆ. ಜೊತೆಗೆ ಕ್ಯೂಜಿಐಎಸ್ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಅದರಲ್ಲಿ ನಿಮ್ಮ ಊರಿನ ನಕ್ಷೆ, ತೋಡು, ಇಳಿಜಾರು ಹಾಕಿ ನೋಡಿ.

ಮೂರನೇ ವರ್ಷ ಮಣ್ಣು, ಕಾಂಕ್ರೀಟ್ ಡಿಸೈನ್, ನೀರು. ಕೊಡಗಿನವರು ಇಲ್ಲಿ ಕೂತು ಓದಬೇಕು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಬೆಟ್ಟ ಇಳಿದದ್ದನ್ನು, 2019ರಲ್ಲಿ ತೋರ ಗ್ರಾಮದಲ್ಲಿ ಆದದ್ದನ್ನು, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಜರಿದದ್ದನ್ನು ನಾವು ಯಾರೂ ಮರೆತಿಲ್ಲ. ಆ ಬೆಟ್ಟಗಳಲ್ಲಿ ಆದದ್ದು ಏನು ಅನ್ನೋದನ್ನು ಅರ್ಥ ಮಾಡಿಸುವ ವಿಷಯ ಮಣ್ಣಿನ ಬಲ, ಮಣ್ಣಿನ ರಂಧ್ರದೊಳಗಿನ ನೀರಿನ ಒತ್ತಡ. ಮಣ್ಣಿನ ಕಣಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ. ನಡುವೆ ನೀರು ತುಂಬಿದಾಗ ಆ ನೀರೇ ಭಾರ ಹೊರುತ್ತದೆ, ಕಣಗಳ ಹಿಡಿತ ಸಡಿಲವಾಗುತ್ತದೆ. ಅದರ ಮೇಲೆ ಮನೆಗೋ ರಸ್ತೆಗೋ ಅಂತ ಬುಡದಲ್ಲಿ ಬರೆಯನ್ನು, ಅಂದರೆ ಇಳಿಜಾರಿನ ಮಣ್ಣನ್ನು, ನೆಟ್ಟಗೆ ಕಡಿದಿದ್ದರೆ ಮೇಲಿನ ಮಣ್ಣಿಗೆ ಆಧಾರವೇ ಇರುವುದಿಲ್ಲ. ಪುಸ್ತಕದಲ್ಲಿ ಇದು ಒಂದು ಸಣ್ಣ ಸೂತ್ರ. ಆ ಸೂತ್ರವನ್ನು ಪರೀಕ್ಷೆಗೆ ಅಂತ ಓದಿ ಬಿಡಬೇಡಿ ಅಂತ ಕೈ ಮುಗಿದು ಕೇಳಿಕೊಳ್ಳುತ್ತೇನೆ.

ಭಾರತೀಯ ಮಾನಕ ಬ್ಯೂರೋ (ಬಿಐಎಸ್) ತನ್ನ ಮಾನದಂಡಗಳನ್ನು ಈಗ ಉಚಿತವಾಗಿ ಇಳಿಸಿಕೊಳ್ಳಲು ಬಿಡುತ್ತದೆ. ಕಾಂಕ್ರೀಟಿಗೆ ಐಎಸ್ 456, ಮಿಕ್ಸ್ ಡಿಸೈನಿಗೆ ಐಎಸ್ 10262, ಉಕ್ಕಿಗೆ ಐಎಸ್ 800 ಎಲ್ಲರೂ ಓದುತ್ತಾರೆ. ನೀವು ಐಎಸ್ 14458 ಕೂಡ ಇಳಿಸಿಕೊಳ್ಳಿ. ಅದು ಬೆಟ್ಟದ ಕಡೆಯ ತಡೆಗೋಡೆಗಳಿಗೇ ಬರೆದದ್ದು.

ಸಾಫ್ಟ್‌ವೇರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಆಟೋಕ್ಯಾಡ್, ಎಕ್ಸೆಲ್ ಎರಡು ಚೆನ್ನಾಗಿ ಬರಲಿ. ಕಟ್ಟಡದ ಡಿಸೈನಿಗೆ ಬಳಸುವ ಸ್ಟಾಡ್, ಇಟ್ಯಾಬ್ಸ್ ಮೂರನೇ ವರ್ಷದ ನಂತರ ಸಾಕು. ಕೈಯಲ್ಲಿ ಒಂದು ಬೀಮ್ ಲೆಕ್ಕ ಮಾಡಲು ಬಾರದವರು ಸಾವಿರಾರು ರೂಪಾಯಿ ಕೊಟ್ಟು ಕೋರ್ಸ್ ಮಾಡಿದರೆ ಕಂಪ್ಯೂಟರ್ ಕೊಟ್ಟ ತಪ್ಪು ಉತ್ತರವೂ ಸರಿಯಾಗೇ ಕಾಣುತ್ತದೆ.

ಇನ್ನು, ಊರು ಸುತ್ತುವಾಗ ಇಂಜಿನಿಯರ್ ಕಣ್ಣು ತೆರೆದಿಡಿ. ಹಾರಂಗಿ ಅಣೆಕಟ್ಟೆಯ ಗೇಟು, ಚಿಕ್ಲಿಹೊಳೆಯಲ್ಲಿ ನೀರು ಅರ್ಧ ವೃತ್ತಕ್ಕೆ ಉಕ್ಕಿ ಬೀಳುವ ಕಟ್ಟೆ, ಸಂಗಮದ ನೀರು ರಸ್ತೆ ಮುಳುಗಿಸುತ್ತಿದ್ದ ಭಾಗಮಂಡಲದಲ್ಲಿ ಎದ್ದ ಮೇಲ್ಸೇತುವೆ, ಸಂಪಾಜೆ ಘಾಟಿಯ ತಡೆಗೋಡೆಗಳು. ನೆರೆಯ ಸುಳ್ಯದ ಗಿರೀಶ್ ಭಾರದ್ವಾಜ್ ಅವರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗು ಸೇತುವೆ ಕಟ್ಟಿದರು. ಆಮೇಲೆ ನೂರಕ್ಕೂ ಜಾಸ್ತಿ ಹಳ್ಳಿ ಸೇತುವೆ ಕಟ್ಟಿ 2017ರಲ್ಲಿ ಪದ್ಮಶ್ರೀ ಪಡೆದರು. ಅವರು ಓದಿದ್ದು ಮೆಕ್ಯಾನಿಕಲ್. ಮಳೆಗಾಲದಲ್ಲಿ ಹೊಳೆ ದಾಟಲಾಗದ ಊರು ಅವರಿಗೆ ಸಿವಿಲ್ ಕಲಿಸಿತು ಅಂತ ನಾನು ಅಂದುಕೊಂಡಿದ್ದೇನೆ.

ಒಣಗಿದ್ದ ಪೈಪುಗಳು

ಇಲ್ಲಿ ನನ್ನ ಒಂದು ಅನುಭವ ಹೇಳಬೇಕು. ಕೆಲಸಕ್ಕೆ ಸೇರಿದ ಮೊದಲ ವರ್ಷ, ಒಂದು ಮನೆಯ ಹಿಂದೆ 3 ಮೀಟರ್ ಎತ್ತರದ ತಡೆಗೋಡೆ. ಮೇ ಕೊನೆಗೆ ಮುಗಿಯಿತು. ಗೋಡೆ ನೆಟ್ಟಗೆ, ಚೆಂದಕ್ಕೆ ಇತ್ತು. ನೀರು ಹೊರಬರಲು ಸಾಲಾಗಿ ಪೈಪು ಬಿಟ್ಟಿದ್ದರು. ನಾನೇ ಎಣಿಸಿ ಡೈರಿಯಲ್ಲಿ ಬರೆದುಕೊಂಡಿದ್ದೆ.

ಜುಲೈಯಲ್ಲಿ ಮನೆಯವರು ಫೋನ್ ಮಾಡಿದರು. ಹೋದಾಗ ಧೋ ಅಂತ ಮಳೆ. ಗೋಡೆಯ ಮೈ ಪೂರ್ತಿ ಒದ್ದೆ, ಜಾಯಿಂಟುಗಳಲ್ಲಿ ನೀರು ಜಿನುಗುತ್ತಿದೆ. ಪೈಪಿನ ಬಾಯಿಗೆ ಕೈ ಹಾಕಿ ನೋಡಿದರೆ ಒಳಗೆ ಒಣಗಿದೆ. ಒಂದಲ್ಲ, ಎಲ್ಲವೂ. ಅಷ್ಟು ಮಳೆಯಲ್ಲಿ ಒಂದು ತೊಟ್ಟೂ ಬರುತ್ತಿಲ್ಲ. ಗೋಡೆಗೆ ಕಣ್ಣು ತಾಗಿಸಿ ಉದ್ದಕ್ಕೆ ನೋಡಿದೆ, ನಡುವೆ ಹೊಟ್ಟೆ ಬಂದಿತ್ತು.

ಗೋಡೆಯ ಹಿಂದೆ ಜಲ್ಲಿ ತುಂಬಬೇಕಾದ ಜಾಗಕ್ಕೆ ಅಗೆದ ಜೇಡಿ ಮಣ್ಣನ್ನೇ ತುಂಬಿದ್ದರು. ಪೈಪಿನ ಹಿಂಬದಿ ಮೆತ್ತಿಕೊಂಡು ಬಿರಡೆ ಹಾಕಿದ ಹಾಗೆ ಆಗಿತ್ತು. ತುಂಬುವ ದಿನ ನಾನು ಸೈಟಿನಲ್ಲಿ ಇರಲಿಲ್ಲ, ಬಿಲ್ಲಿನ ಕೆಲಸಕ್ಕೆ ಹೋಗಿದ್ದೆ. ಅಂದು ಒಂದು ಗಂಟೆ ಅಲ್ಲಿ ನಿಂತಿದ್ದರೆ ಸಾಕಿತ್ತು. ಆ ಮನೆಯವರು ಮಳೆ ಮುಗಿಯುವವರೆಗೆ ಹಿಂದಿನ ಕೋಣೆಯಲ್ಲಿ ಮಲಗಲಿಲ್ಲ. ಮಳೆ ನಿಂತ ಮೇಲೆ ಗೋಡೆ ಬಿಚ್ಚಿ ಮತ್ತೆ ಕಟ್ಟಿದೆವು.

ರಾತ್ರಿ ಮನೆಗೆ ಬಂದು ಲೆಕ್ಕ ಹಾಕಿದೆ. 3 ಮೀಟರ್ ಎತ್ತರಕ್ಕೆ ನೀರು ನಿಂತರೆ, ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ನೀರೊಂದೇ ಸುಮಾರು ನಾಲ್ಕೂವರೆ ಟನ್ ತಳ್ಳುತ್ತದೆ. ಸಾಧಾರಣ ಒಣ ಮಣ್ಣಿನದು ಮೂರು ಟನ್ನಿಗಿಂತ ಕಡಿಮೆ. ಮಣ್ಣು ನೀರು ಸೇರಿದರೆ ಒಣ ಮಣ್ಣಿನ ದುಪ್ಪಟ್ಟಿಗೂ ಜಾಸ್ತಿ. ಇದೇ ಲೆಕ್ಕವನ್ನು ನಾನು ಪರೀಕ್ಷೆಯಲ್ಲಿ ಸರಿಯಾಗಿ ಮಾಡಿ ಪೂರ್ತಿ ಅಂಕ ತೆಗೆದಿದ್ದೆ. ಗೋಡೆಯ ಹಿಂದೆ ಒಂದು ಅಡಿ ಅಗಲಕ್ಕಾದರೂ ಜಲ್ಲಿ, ಪೈಪಿನ ಹಿಂಬದಿಗೆ ದಪ್ಪ ಕಲ್ಲು, ಮಣ್ಣಿಗೂ ಜಲ್ಲಿಗೂ ನಡುವೆ ಫಿಲ್ಟರ್ ಬಟ್ಟೆ, ಮೇಲೆ ಮಳೆ ನೀರು ಪಕ್ಕಕ್ಕೆ ಹೋಗಲು ಒಂದು ಚರಂಡಿ ಇರಬೇಕು. ಅಂದಿನಿಂದ ಇವನ್ನು ನಾನು ಬೇರೆಯವರಿಗೆ ಬಿಟ್ಟಿಲ್ಲ.

ಇಂಟರ್ನ್‌ಶಿಪ್ ಕೇಳುವ ಕ್ರಮ

ಮೂರನೇ ವರ್ಷ ಮುಗಿಯುವ ಹೊತ್ತಿಗೆ ಎಲ್ಲರೂ ಒಟ್ಟಿಗೆ ಹುಡುಕುತ್ತಾರೆ. ನೀವು ಎರಡು ತಿಂಗಳು ಮೊದಲೇ ಕೇಳಿ. ಸರ್ಟಿಫಿಕೇಟ್ ಮಾತ್ರ ಕೊಟ್ಟು ಕಳಿಸುವ ಕಡೆ ಹೋಗಬೇಡಿ, ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಗೊತ್ತಾಗುತ್ತದೆ. ಲೋಕೋಪಯೋಗಿ ಇಲಾಖೆ, ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗ, ನೀರಾವರಿ ನಿಗಮದ ಕಚೇರಿಗಳಿಗೆ ಕಾಲೇಜಿನ ಪತ್ರ ತೆಗೆದುಕೊಂಡು ನೇರವಾಗಿ ಹೋಗಿ. ಒಳ್ಳೆ ಕಂಟ್ರಾಕ್ಟರ್ ಹತ್ತಿರವಾದರೂ ಸರಿ. ಕೊಡಗಿನಲ್ಲೇ ಮಾಡುವುದಾದರೆ ಮಳೆಯ ಕ್ಯಾಲೆಂಡರ್ ನೋಡಿ. ಜುಲೈನಲ್ಲಿ ಬಂದರೆ ಕಚೇರಿಯಲ್ಲಿ ಕೂತು ಬಿಲ್ಲು ನೋಡಬೇಕಾಗುತ್ತದೆ. ಕಾಲೇಜಿನ ರಜೆ ಮಳೆಗಾಲಕ್ಕೇ ಬಿದ್ದರೆ ಮೈಸೂರು, ಹಾಸನದ ಕಡೆ ಹುಡುಕಿ. ಮಳೆ ನಡುವೆ ಊರಿಗೆ ಬಂದ ವಾರ ಮೋರಿ, ತಡೆಗೋಡೆ ನೋಡುತ್ತಾ ನಡೆಯಿರಿ.

ಸೈಟಿನಲ್ಲಿ ಪ್ರತಿ ಸಂಜೆ ಒಂದು ಪುಟ ಬರೆಯಿರಿ. ಇವತ್ತು ಎಷ್ಟು ಮೂಟೆ ಸಿಮೆಂಟ್, ಎಷ್ಟು ಆಳು, ಎಷ್ಟು ಕೆಲಸ, ಏನು ನಿಂತಿತು, ಯಾಕೆ. ಕಂಬಿಯ ತೂಕಕ್ಕೆ ವ್ಯಾಸದ ವರ್ಗವನ್ನು 162ರಿಂದ ಭಾಗಿಸಿ. 12 ಮಿಲಿಮೀಟರ್ ಕಂಬಿ ಮೀಟರಿಗೆ 0.89 ಕೆಜಿ, 12 ಮೀಟರಿನ ಒಂದು ಪೂರ್ತಿ ಕಂಬಿ ಹತ್ತಿರ ಹತ್ತಿರ ಹತ್ತೂಮುಕ್ಕಾಲು ಕೆಜಿ. ಲಾರಿ ಬಂದಾಗ ಇದನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿ ತೂಕದ ಚೀಟಿಗೆ ತಾಳೆ ನೋಡಿ. ಕ್ಯೂಬ್ ಅಚ್ಚಿಗೆ ನೀವೇ ಕಾಂಕ್ರೀಟ್ ತುಂಬಿ, 28 ದಿನ ಆದ ಮೇಲೆ ಒಡೆಯುವಾಗಲೂ ಹೋಗಿ ನೋಡಿ. 150 ಮಿಲಿಮೀಟರಿನ ಎಂ20 (ಚದರ ಮಿಲಿಮೀಟರಿಗೆ 20 ನ್ಯೂಟನ್ ಬಲದ) ಕ್ಯೂಬ್ ಸುಮಾರು 45 ಟನ್ ತಡೆದುಕೊಳ್ಳಬೇಕು. ಯಂತ್ರದ ಮುಳ್ಳು ಏರುವುದನ್ನು ನೋಡುತ್ತಾ ನಿಂತಾಗ ಎದೆ ಡವಗುಟ್ಟುತ್ತದೆ, ಅದು ಒಳ್ಳೆಯದೇ.

ಹೆಣ್ಣುಮಕ್ಕಳಿಗೆ ಒಂದು ಮಾತು. ಸೈಟಿನಲ್ಲಿ ಶೌಚಾಲಯ ಇಲ್ಲದಿರುವುದು, ಸಂಜೆ ವಾಪಸ್ ಬರಲು ಬಸ್ಸು ಇಲ್ಲದಿರುವುದು ನಿಜವಾದ ತೊಂದರೆ. ಮೊದಲ ದಿನವೇ ಕೇಳಿ ತಿಳಿದುಕೊಳ್ಳಿ, ಕೇಳಲು ಹಿಂಜರಿಯಬೇಡಿ. ‘ಡಿಸೈನ್ ಆಫೀಸ್ ನಿನಗೆ ಒಳ್ಳೇದು’ ಅಂತ ಎಲ್ಲರೂ ಹೇಳುತ್ತಾರೆ. ಅದು ನೀವೇ ಆರಿಸಿಕೊಂಡದ್ದಾದರೆ ಸರಿ. ಸೈಟ್ ಇಷ್ಟವಿದ್ದರೆ ಬಿಟ್ಟುಕೊಡಬೇಡಿ.

ಕೊನೆಯ ವರ್ಷ

ಗೇಟ್ ಪರೀಕ್ಷೆಯನ್ನು ಮೂರನೇ ವರ್ಷದಲ್ಲೇ ಬರೆಯಬಹುದು. ಒಮ್ಮೆ ಬರೆದು ನೋಡಿ, ಭಯ ಹೋಗುತ್ತದೆ. 65 ಪ್ರಶ್ನೆ, 100 ಅಂಕ, 3 ಗಂಟೆ. ಸ್ಕೋರ್ 3 ವರ್ಷ ಊರ್ಜಿತ. ಎಂ.ಟೆಕ್. ಸೀಟಿಗೂ, ಕೆಲವು ಸಾರ್ವಜನಿಕ ವಲಯದ ಕಂಪನಿಗಳ ಕೆಲಸಕ್ಕೂ ಅದು ಬೇಕು. ಯುಪಿಎಸ್‌ಸಿಯ ಇಂಜಿನಿಯರಿಂಗ್ ಸರ್ವಿಸಸ್ ಪರೀಕ್ಷೆ ಇದಕ್ಕಿಂತ ಉದ್ದದ ದಾರಿ, ಪ್ರಿಲಿಮ್ಸ್, ಮೇನ್ಸ್, ಸಂದರ್ಶನ ಮೂರೂ ಇವೆ. ರಾಜ್ಯದ ಸಹಾಯಕ ಇಂಜಿನಿಯರ್ ಹುದ್ದೆಗಳಿಗೆ ಕೆಪಿಎಸ್‌ಸಿ. ಅಧಿಸೂಚನೆ ಪ್ರತಿ ವರ್ಷ ಬರುವುದಿಲ್ಲ. ಅದಕ್ಕೇ ಅಂತ ಕೆಲಸವನ್ನೇ ಸೇರದೆ ಮನೆಯಲ್ಲಿ ಕೂತು ವರ್ಷಗಟ್ಟಲೆ ಕಾಯುವುದನ್ನು ನಾನು ಒಪ್ಪುವುದಿಲ್ಲ. ಕೆಲಸ ಮಾಡುತ್ತಾ ಓದಿ. ಸೈಟಿನಲ್ಲಿ ಕಂಡದ್ದು ಪರೀಕ್ಷೆಗೂ ಆಗುತ್ತದೆ.

ಪ್ರಾಜೆಕ್ಟ್ ವಿಷಯ ಅಂಗಡಿಯಿಂದ ಕೊಳ್ಳಬೇಡಿ. ನಿಮ್ಮ ಊರಲ್ಲೇ ವಿಷಯ ಬೇಕಾದಷ್ಟಿವೆ. ಒಂದು ಬರೆಯ ಮಣ್ಣನ್ನು ಮೂರು ಆಳದಿಂದ ತೆಗೆದು ಒಣಗಿದಾಗ, ನೆನೆದಾಗ ಬಲ ಎಷ್ಟು ಅಂತ ಲ್ಯಾಬಿನಲ್ಲಿ ನೋಡಿ. ಒಂದು ಮೋರಿಗೆ ಎಷ್ಟು ಜಾಗದ ಮಳೆ ನೀರು ಬರುತ್ತೆ, ಅದು ಸಾಲುತ್ತಾ ಅಂತ ಲೆಕ್ಕ ಹಾಕಿ. ಸಂದರ್ಶನದಲ್ಲಿ ಇಂಥ ಪ್ರಾಜೆಕ್ಟ್ ಬಗ್ಗೆ ಅರ್ಧ ಗಂಟೆ ಮಾತಾಡಬಹುದು.

ಮೊದಲ ಕೆಲಸ

ಮೊದಲ ಸಂಬಳ ಕಡಿಮೆ ಇರುತ್ತದೆ. ಕಂಪ್ಯೂಟರ್ ಓದಿದ ಗೆಳೆಯರ ಸಂಬಳ ಕೇಳಿ ಬೇಜಾರಾಗುತ್ತದೆ. ಇದನ್ನು ಮನೆಯವರಿಗೆ ಮೊದಲೇ ಹೇಳಿಡಿ. ಸಿವಿಲ್‌ನಲ್ಲಿ ಸಂಬಳ ಅನುಭವದ ಹಿಂದೆ ಬರುತ್ತದೆ, ನಾಲ್ಕೈದು ವರ್ಷ ಬೇಕು.

ಆದರೆ ಕಡಿಮೆ ಸಂಬಳ ಬೇರೆ, ಸಂಬಳವನ್ನೇ ಕೊಡದಿರುವುದು ಬೇರೆ. ಸೇರುವ ಮೊದಲು ನೇಮಕಾತಿ ಪತ್ರ ಕೇಳಿ. ಪಿಎಫ್ ಇದೆಯಾ, ಉಳಿಯಲು ಜಾಗ ಕೊಡುತ್ತಾರಾ, ವಾರದ ರಜೆ ಉಂಟಾ ಕೇಳಿ. ಒರಿಜಿನಲ್ ಅಂಕಪಟ್ಟಿ ಕೊಟ್ಟು ಬರಬೇಡಿ. ಅಲ್ಲೇ ಕೆಲಸ ಮಾಡುವ ಒಬ್ಬ ಜೂನಿಯರ್ ಇಂಜಿನಿಯರ್ ಹತ್ತಿರ ಹೊರಗೆ ಟೀ ಕುಡಿಯುತ್ತಾ ಸಂಬಳ ಯಾವ ತಾರೀಖಿಗೆ ಬರುತ್ತೆ ಅಂತ ವಿಚಾರಿಸಿ.

ನನ್ನ ಸಲಹೆ, ಮೊದಲ ಎರಡು ವರ್ಷ ಸೈಟು. ಆಮೇಲೆ ಡಿಸೈನ್, ಪ್ಲಾನಿಂಗ್, ಬಿಲ್ಲಿಂಗ್ ಯಾವ ಕಡೆ ಬೇಕಾದರೂ ಹೊರಳಿ. ಕಂಬಿ ಕಟ್ಟಲು ಕೈ ಹೋಗದಷ್ಟು ಇಕ್ಕಟ್ಟಿನಲ್ಲಿ ಡ್ರಾಯಿಂಗ್ ಬರೆಯುವ ಡಿಸೈನರ್‌ಗಳಿದ್ದಾರೆ. ಎರಡು ವರ್ಷ ಕಂಬಿ ಕಟ್ಟುವ ಬಾರ್ ಬೆಂಡರ್ ಪಕ್ಕ ನಿಂತವರು ಹಾಗೆ ಬರೆಯುವುದಿಲ್ಲ.

ಸೇರಿದ ಕೆಲವೇ ತಿಂಗಳಲ್ಲಿ ಒಂದು ದಿನ ಯಾರೋ ಬಂದು, ಹಾಕದ ಕಂಬಿಗೋ ಅಗೆಯದ ಮಣ್ಣಿಗೋ ಅಳತೆ ಬರೆದುಕೊಡು ಅನ್ನುತ್ತಾರೆ. ಬಿಲ್ಲಿಗೆ ಆಧಾರವಾದ ಅಳತೆ ಪುಸ್ತಕದಲ್ಲಿ ನೀವು ನೋಡದ್ದಕ್ಕೆ ಸಹಿ ಹಾಕಬೇಡಿ. ‘ನಾನು ಅಳೆದ ಮೇಲೆ ಬರೀತೀನಿ ಸಾರ್’ ಅಂತ ಮೆತ್ತಗೆ ಹೇಳಿ, ಟೇಪು ಹಿಡಿದು ಹೊರಡಿ. ಜಗಳ ಬೇಕಾಗಿಲ್ಲ. ಫೋಟೊ ತೆಗೆದಿಡಿ, ತಾರೀಖು ಹಾಕಿ ಡೈರಿಯಲ್ಲಿ ಬರೆದಿಡಿ. ಅಷ್ಟಾದರೂ ಒತ್ತಾಯ ನಿಲ್ಲದಿದ್ದರೆ ಬೇರೆ ಕಡೆ ಕೆಲಸ ಹುಡುಕಿ.

ಊರಿಗೆ ವಾಪಸ್ ಬರುವುದಾದರೆ

ನಾಲ್ಕೈದು ವರ್ಷ ಹೊರಗೆ ದುಡಿದು ಬನ್ನಿ. ಇಲ್ಲಿ ಕೆಲಸ ಇದೆ. ಇಳಿಜಾರಿನಲ್ಲಿ ಮನೆ, ಹೋಂಸ್ಟೇ, ತೋಟ ಕಾರ್ಮಿಕರ ಲೈನ್ ಮನೆಗಳ ದುರಸ್ತಿ, ಕಾಫಿ ಕಣ, ತೋಟದ ಕೆರೆ, ಎಲ್ಲದಕ್ಕೂ ತಡೆಗೋಡೆ. ಸ್ಥಳೀಯ ಸಂಸ್ಥೆಯಲ್ಲಿ ಇಂಜಿನಿಯರ್ ಆಗಿ ನೋಂದಾಯಿಸಿಕೊಂಡು ಶುರುಮಾಡಿ. ಮಾಲೀಕರು ಜೆಸಿಬಿ ತರಿಸಿ ಬರೆ ಕಡಿದ ಮೇಲೆ ನಿಮ್ಮನ್ನು ಕರೆಯುತ್ತಾರೆ. ಅದಕ್ಕೆ ಮೊದಲೇ ಕರೆಯುವಷ್ಟು ನಂಬಿಕೆ ಬರಲು ಕೆಲವು ಮಳೆಗಾಲ ಬೇಕು. ಎಷ್ಟು ಕಡಿಯಬಹುದು, ಮೆಟ್ಟಿಲು ಮೆಟ್ಟಿಲಾಗಿ ಮನೆ ಹೇಗೆ ಕೂರಿಸಬಹುದು ಅಂತ ಚಿತ್ರ ಬರೆದು ತೋರಿಸಿ. ಕೆಲವು ಜಾಗಗಳಲ್ಲಿ ‘ಇಲ್ಲಿ ಮನೆ ಬೇಡ’ ಅಂತಲೂ ಹೇಳಬೇಕಾಗುತ್ತದೆ. ಆ ದಿನ ಫೀಸು ಹೋದರೂ ಹೇಳಿ.

ಕೆಲಸದ ದಿನ ನಿಗದಿ ಮಾಡುವಾಗ ಕೊಯ್ಲು ಬಿಟ್ಟು ಲೆಕ್ಕ ಹಾಕಿ. ಏಪ್ರಿಲ್‌ನಲ್ಲಿ ಸ್ಲ್ಯಾಬ್ ಇದ್ದರೆ ಟಾರ್ಪಾಲು ಬೆಳಗ್ಗೆಯೇ ಸೈಟಿಗೆ ಬಂದಿರಲಿ, ಮಧ್ಯಾಹ್ನದ ಗುಡುಗು ಕೇಳಿದ ಮೇಲೆ ತರಲು ಓಡಿದರೆ ಆಗುವುದಿಲ್ಲ.

ಇನ್ನು, ಕಟ್ಟಿದ ಪ್ರತಿ ತಡೆಗೋಡೆಯನ್ನೂ ಅದರ ಮೊದಲ ಮಳೆಗಾಲದಲ್ಲಿ ಹೋಗಿ ನೋಡಿ. ಯಾರೂ ಕರೆಯದಿದ್ದರೂ ಹೋಗಿ. ಜೋರು ಮಳೆ ಸುರಿದ ಮರುದಿನ ಬೆಳಗ್ಗೆ ಒಳ್ಳೆ ಸಮಯ. ಪ್ರತಿ ಪೈಪಿನ ಬಾಯಿಗೂ ಕೈ ಒಡ್ಡಿ. ನೀರು ಬರುತ್ತಿದೆಯಾ? ಬಂದ ನೀರನ್ನು ಒಂದು ಲೋಟದಲ್ಲಿ ಹಿಡಿದು ಬೆಳಕಿಗೆ ಹಿಡಿಯಿರಿ. ತಿಳಿಯಾಗಿದ್ದರೆ ಸರಿ. ಕೆಂಪಗಿದ್ದರೆ ಹಿಂದಿನ ಮಣ್ಣು ತೊಳೆದು ಹೊರಗೆ ಬರುತ್ತಿದೆ, ಫಿಲ್ಟರ್ ಎಲ್ಲೋ ತಪ್ಪಿದೆ. ಮನೆಯವರಿಗೆ ಅಂದೇ ಹೇಳಿ, ಮಳೆ ಬಿಟ್ಟ ಕೂಡಲೇ ಅಲ್ಲಿಂದಲೇ ಕೆಲಸ ಶುರುಮಾಡಿ.